ಚಿತ್ರಕ್ಕೊಂದು ಹೆಸರು: ಸಾಮೂಹಿಕ ಛಾಯಾಚಿತ್ರ ಸಂಗ್ರಹದಲ್ಲಿ ನಾಮಕರಣದ ಶಿಸ್ತು

ಜಾನಪದ ಕ್ಷೇತ್ರಕಾರ್ಯದಲ್ಲಿ ಛಾಯಾಚಿತ್ರವು ಪಠ್ಯದಷ್ಟೇ ಮಹತ್ವದ ಆಕರವಾಗಿದೆ. ಹಾಡು, ಕಥೆಗಳನ್ನು ಬರೆದುಕೊಳ್ಳುವಾಗ ವಕ್ತೃ, ಸ್ಥಳ, ಕಾಲಗಳನ್ನು ದಾಖಲಿಸುವುದು ರೂಢಿಗೆ ಬಂದಿದೆ. ಆದರೆ ಹಲವು ಸಂಗ್ರಾಹಕರ ಚಿತ್ರಗಳು ಒಂದೇ ಗಣಕಯಂತ್ರಕ್ಕೆ ಸೇರುವಾಗ ಈ ಶಿಸ್ತು ಸಡಿಲಗೊಳ್ಳುವುದುಂಟು. ಇದರ ಪರಿಣಾಮವನ್ನು ಮೈಲಾರಲಿಂಗ ಪರಂಪರೆಯ ನಿದರ್ಶನದಿಂದ ಗ್ರಹಿಸಬಹುದು.

ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿಯೂ, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಸಂದರ್ಭದಲ್ಲಿಯೂ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಬಿಲ್ಲು, ಕಂಬಳಿ, ನೆರೆದ ಜನಸ್ತೋಮ ಇವಿಷ್ಟನ್ನೇ ನೋಡಿ ಚಿತ್ರ ಯಾವ ಕ್ಷೇತ್ರದ್ದೆಂದು ಹೇಳುವುದು ಸುಲಭವಲ್ಲ. ಕಡತಕ್ಕೆ ‘ಮೈಲಾರ’ ಎಂದಷ್ಟೇ ಹೆಸರಿಟ್ಟರೆ ಅದು ಊರೋ ದೇವರೋ ಎಂಬ ಸಂದೇಹವೂ ಉಳಿಯುತ್ತದೆ. ಕಾರ್ಣಿಕದ ನುಡಿಯನ್ನು ಜನರು ಆಯಾ ವರ್ಷದ ಮಳೆಬೆಳೆ, ಆಗುಹೋಗುಗಳಿಗೆ ಅನ್ವಯಿಸಿ ಅರ್ಥೈಸುತ್ತಾರೆ. ಆದುದರಿಂದ ಊರು ಅಥವಾ ವರ್ಷ ತಪ್ಪಿದರೆ ಚಿತ್ರವು ತನ್ನದಲ್ಲದ ನುಡಿಗೆ ಸಾಕ್ಷಿಯಾಗಿಬಿಡುತ್ತದೆ.

ಗೊಂದಲದ ಮೂಲಗಳು ಹಲವು. ಸಾಮಾನ್ಯವಾಗಿ ಡಿಜಿಟಲ್ ಕ್ಯಾಮೆರಾಗಳು ನಾಲ್ಕು ಅಕ್ಷರಗಳ ಮುಂದೆ 0001ರಿಂದ 9999ರವರೆಗಿನ ಸಂಖ್ಯೆಯನ್ನು ಇಟ್ಟು, ಮುಗಿದೊಡನೆ ಮೊದಲಿನಿಂದ ಎಣಿಸುತ್ತವೆ. ಹೀಗಾಗಿ ಇಬ್ಬರು ಸಂಗ್ರಾಹಕರ ಭಿನ್ನ ಚಿತ್ರಗಳಿಗೆ ಒಂದೇ ಹೆಸರು ಬಂದು, ಪ್ರತಿ ಮಾಡುವಾಗ ಒಂದು ಇನ್ನೊಂದನ್ನು ಅಳಿಸಿಹಾಕಬಹುದು. ರೋಮನ್ ಲಿಪಿಯಲ್ಲಿ ಮೈಲಾರವನ್ನು ‘ಐ’ ಬಳಸಿ ಬರೆಯುವವರೂ ಇದ್ದಾರೆ, ‘ವೈ’ ಬಳಸುವವರೂ ಇದ್ದಾರೆ. ಹುಡುಕುವವನಿಗೆ ಅರ್ಧ ಚಿತ್ರಗಳು ಮಾತ್ರ ದೊರೆಯುತ್ತವೆ. ಯೂನಿಕೋಡ್‌ಗೆ ಮುನ್ನಿನ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಟಂಕಿಸಿದ ಹೆಸರುಗಳು ಬೇರೆ ಗಣಕದಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತವೆ. ‘03-02-07’ ಎಂಬುದನ್ನು 2007ರ ಫೆಬ್ರವರಿ 3 ಎಂದೂ ಮಾರ್ಚ್ 2 ಎಂದೂ ಓದಬಹುದು.

ಈ ಸಮಸ್ಯೆ ಜಾನಪದ ಶಾಸ್ತ್ರಕ್ಕೆ ಹೊಸತಲ್ಲ. ಎ.ಕೆ. ರಾಮಾನುಜನ್ ಅವರು ಚರ್ಚಿಸಿದ ‘ಹಂಚಿ’ಯ ಕನ್ನಡ ಕಥೆಗೂ ಯುರೋಪಿನ ಸಿಂಡ್ರೆಲಾ ಕಥೆಗೂ ಹೆಸರು ಬೇರೆ, ಆರ್ನೆ 1910ರಲ್ಲಿ ಆರಂಭಿಸಿ ಥಾಮ್ಸನ್ ವಿಸ್ತರಿಸಿದ ಸೂಚಿಯಲ್ಲಿ 510ನೆಯ ವರ್ಗಸಂಖ್ಯೆಯೇ ಅವುಗಳ ಬಂಧುತ್ವವನ್ನು ತೋರಿಸುತ್ತದೆ. ಅಲ್ಲಿ ಸಂಖ್ಯೆಯು ವರ್ಗವನ್ನು ಸೂಚಿಸಿದರೆ ಚಿತ್ರಸಂಗ್ರಹದಲ್ಲಿ ಒಂದೊಂದು ಬಿಡಿ ಚಿತ್ರವನ್ನು ಗುರುತಿಸಬೇಕು. ಭಾಷೆ, ಲಿಪಿಗಳಿಗೆ ಅಂಟಿಕೊಳ್ಳದ ಗುರುತು ಬೇಕೆಂಬ ತತ್ತ್ವ ಮಾತ್ರ ಎರಡಕ್ಕೂ ಸಮಾನವಾದುದು.

ಇದಕ್ಕೆ ನಾಲ್ಕು ಅಂಗಗಳು ಸಾಕು: ಸ್ಥಳಸಂಖ್ಯೆ, ದಿನಾಂಕ, ಸಂಗ್ರಾಹಕರ ಸಂಖ್ಯೆ, ಅನುಕ್ರಮ ಸಂಖ್ಯೆ. ಸಂಗ್ರಹದ ಸ್ಥಳಸೂಚಿಯಲ್ಲಿ ಮೈಲಾರಕ್ಕೆ 014 ಎಂದಿದ್ದರೆ ‘014-20070203-02-0036’ ಎಂಬುದು ಪೂರ್ಣ ಹೆಸರಾಗುತ್ತದೆ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರುವುದರಿಂದ ಒಂದು ಊರಿನ ಚಿತ್ರಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಮುಂದಿನ ಸೊನ್ನೆಗಳನ್ನು ಬಿಟ್ಟರೆ ಕೆಲವು ಗಣಕಗಳಲ್ಲಿ 10ನೆಯ ಚಿತ್ರವು 2ನೆಯದಕ್ಕಿಂತ ಮೊದಲು ಬರುತ್ತದೆ. ಹಳೆಯ ಮುದ್ರಿತ ಚಿತ್ರವನ್ನು ಸ್ಕ್ಯಾನ್ ಮಾಡಿದಾಗ ಸ್ಕ್ಯಾನ್ ಮಾಡಿದ ದಿನವನ್ನು ಬರೆಯದೆ ಚಿತ್ರ ತೆಗೆದ ಕಾಲವನ್ನೇ ಬರೆಯಬೇಕು. ವರ್ಷ ಮಾತ್ರ ತಿಳಿದಿದ್ದರೆ ‘19850000’ ಎಂದು ಸೊನ್ನೆಗಳಿಂದ ತುಂಬಬೇಕು.

ವ್ಯಾಖ್ಯಾನವು ಹೆಸರಿನಲ್ಲಿ ಸೇರಕೂಡದು. ಹೂವಿನಹಡಗಲಿ ತಾಲೂಕು 2021ರಲ್ಲಿ ಬಳ್ಳಾರಿಯಿಂದ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರನ್ನು ಕಡತಕ್ಕೆ ಇಟ್ಟಿದ್ದರೆ ಎಲ್ಲವನ್ನೂ ತಿದ್ದಬೇಕಾಗುತ್ತಿತ್ತು. ಅದೇ ದೈವವನ್ನು ಮಹಾರಾಷ್ಟ್ರದಲ್ಲಿ ಖಂಡೋಬಾ, ತೆಲುಗು ಸೀಮೆಯಲ್ಲಿ ಮಲ್ಲಣ್ಣ ಎಂದು ಕರೆಯುತ್ತಾರೆ. ಜಿಲ್ಲೆ, ದೈವನಾಮ, ಸಮುದಾಯ, ಜನರು ಹೇಳಿದ ಹೆಸರು, ಚಿತ್ರ ತೆಗೆಯಲು ಪಡೆದ ಒಪ್ಪಿಗೆ ಇವೆಲ್ಲ ಪ್ರತ್ಯೇಕ ದಾಖಲೆಪಟ್ಟಿಗೆ ಸೇರತಕ್ಕವು. ಹಳೆಯ ಕಡತಗಳ ಹೆಸರು ಬದಲಿಸುವಾಗ ಮೊದಲಿನ ಹೆಸರನ್ನೂ ಆ ಪಟ್ಟಿಯಲ್ಲಿ ಉಳಿಸಬೇಕು. ಈಗಾಗಲೇ ಮುದ್ರಿತವಾದ ಗ್ರಂಥಗಳು ಹಳೆಯ ಹೆಸರನ್ನೇ ಸೂಚಿಸಿರಬಹುದು.

ಸಂಗ್ರಾಹಕನು ಇರುವವರೆಗೆ ಅವನ ನೆನಪೇ ಚಿತ್ರದ ಸೂಚಿ. ಅವನ ಅನಂತರ ಗೊರವಯ್ಯನು ಯಾವ ಊರಿನಲ್ಲಿ, ಯಾವ ವರ್ಷ ಬಿಲ್ಲನ್ನೇರಿದನೆಂಬುದನ್ನು ಹೇಳಬೇಕಾದವು ಆ ಹೆಸರು ಮತ್ತು ದಾಖಲೆಪಟ್ಟಿ ಎರಡೇ. ಆದುದರಿಂದ ನಾಮಕರಣವನ್ನು ತಾಂತ್ರಿಕ ಕೆಲಸವೆಂದು ಕಡೆಗಣಿಸದೆ ಕ್ಷೇತ್ರಕಾರ್ಯದ ಕೊನೆಯ ಹಂತವೆಂದೇ ಪರಿಗಣಿಸುವುದು ಯುಕ್ತ.