ಆಂಡರ್ಸನ್ ಅವರ ಕೋವಿ ಮತ್ತು ಖಾಲಿ ತೋಟಾ

ಕೆನೆತ್ ಆಂಡರ್ಸನ್ ಅವರ ಕಾಡಿನ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ನರಭಕ್ಷಕ ಹುಲಿಗಳು ಚೆನ್ನಾಗಿ ಗೊತ್ತು. ಆದರೆ ಬೆಂಗಳೂರಿನ ಆ ಶಿಕಾರಿ ನೆಚ್ಚಿದ್ದ .405 ವಿಂಚೆಸ್ಟರ್ ರೈಫಲ್‌ಗೂ ಅದರದೇ ಒಂದು ಕತೆಯಿದೆ.

ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿಯ ಈ ಕೋವಿಗೆ .405 ತೋಟಾ ಬಂದದ್ದು 1904ರಲ್ಲಿ. ಕುದುರೆಯ (ಟ್ರಿಗರ್) ಸುತ್ತಲಿನ ಲಿವರನ್ನು ಕೆಳಗೆ ಎಳೆದು ಮೇಲೆ ತಳ್ಳಿದರೆ ಸಾಕು, ಖಾಲಿ ತೋಟಾ ಹೊರಗೆ ಚಿಮ್ಮಿ ಹೊಸದು ನಳಿಗೆ ಸೇರುತ್ತದೆ. ಗುಂಡಿನ ತೂಕ ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. 1909ರಲ್ಲಿ ಆಫ್ರಿಕಾಕ್ಕೆ ಹೊರಟ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಿಂಹದ ಬೇಟೆಗೆ ನಂಬಿದ್ದೂ ಇದನ್ನೇ.

ಜೋಪಾನ ಮಾಡಿದ ಕೋವಿ ನೂರು ವರ್ಷ ಬಾಳುತ್ತದೆ. ಅದರ ತೋಟಾ ಅಷ್ಟು ಕಾಲ ಅಂಗಡಿಯಲ್ಲಿ ಸಿಗುವುದಿಲ್ಲ. 1950ರ ದಶಕದಲ್ಲಿ .405 ತೋಟಾ ತಯಾರಿಕೆ ನಿಂತುಹೋಯಿತು. ಆಮೇಲೆ ಸುಮಾರು ಅರ್ಧ ಶತಮಾನ ಅಮೆರಿಕದಲ್ಲಿ ಈ ಕೋವಿಗಳನ್ನು ಬದುಕಿಸಿದವರು ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಹವ್ಯಾಸಿಗಳು.

ಈಡಾದ ಮೇಲೆ ಗುಂಡು, ಮದ್ದು, ಮದ್ದಿಗೆ ಕಿಡಿ ಕೊಡುವ ಕೇಪು ಮೂರೂ ಮುಗಿದಿರುತ್ತವೆ. ಉಳಿಯುವುದು ಹಿತ್ತಾಳೆಯ ಕೊಳವೆ, ತೋಟಾದಲ್ಲಿ ಬಲು ದುಬಾರಿ ಭಾಗವೂ ಅದೇ. ಸ್ಫೋಟದ ಒತ್ತಡಕ್ಕೆ ಉಬ್ಬಿದ ಕೊಳವೆಯನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಹಳೆಯ ಕೇಪು ಕಿತ್ತು ಹೊಸದು ಕೂರಿಸಿ, ಮದ್ದು ತೂಗಿ ಸುರಿದು, ಗುಂಡು ಸೇರಿಸಿ ಬಾಯಿಯನ್ನು ಬಿಗಿಯುತ್ತಾರೆ. ದೊಡ್ಡ ಕೋವಿಯ ಒದೆತಕ್ಕೆ ಮ್ಯಾಗಜಿನ್‌ನಲ್ಲಿರುವ ತೋಟಾಗಳ ಗುಂಡು ಜರುಗಬಾರದು, ಅದಕ್ಕೇ ಈ ಬಿಗಿತ. ಇದಕ್ಕೆಲ್ಲ ಮೊದಲು ಒಂದೊಂದು ಕೊಳವೆಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಬುಡದ ಹತ್ತಿರ ಸುತ್ತಲೂ ಮಿರುಗುವ ಸಣ್ಣ ಗೆರೆ ಕಂಡರೆ ಹಿತ್ತಾಳೆ ಒಳಗೆ ತೆಳುವಾಗಿದೆ ಎಂದೇ ಅರ್ಥ. ಅದನ್ನು ಎಸೆಯಲೇಬೇಕು.

ಮದ್ದಿನ ತೂಕವನ್ನು ಗ್ರೇನ್‌ನಲ್ಲಿ ಅಳೆಯುತ್ತಾರೆ. ಒಂದು ಗ್ರಾಂಗೆ ಹದಿನೈದಕ್ಕೂ ಹೆಚ್ಚು ಗ್ರೇನ್. 1873ರ .45-70 ತೋಟಾದ ಹೆಸರಲ್ಲೇ 70 ಗ್ರೇನ್ ಕರಿಮದ್ದಿನ ಲೆಕ್ಕವಿದೆ. ಕರಿಮದ್ದು ಆ ಕೊಳವೆಯನ್ನು ತುಂಬಿಬಿಡುತ್ತಿತ್ತು. ಈಗಿನ ಹೊಗೆರಹಿತ ಮದ್ದು ಸ್ವಲ್ಪವೇ ಸಾಕಾದ್ದರಿಂದ ಒಳಗೆ ಜಾಗ ಉಳಿಯುತ್ತದೆ, ಗಮನ ತಪ್ಪಿ ಎರಡು ಸಲ ಸುರಿದರೂ ತಿಳಿಯುವುದಿಲ್ಲ. ಅಂಥ ಒಂದು ತೋಟಾ ಕೋವಿಯನ್ನೇ ಸಿಡಿಸಿ, ಹಿಡಿದವನ ಕೈ, ಕಣ್ಣು ತೆಗೆಯಬಲ್ಲದು.

ನಮ್ಮಲ್ಲೇ, ಉತ್ತರ ಕನ್ನಡದ ಕಾರವಾರ, ಅಂಕೋಲೆಯ ಘಟ್ಟದಂಚಿನ ಕಡೆಗೆ ಹೋದರೆ ಕೈಯಲ್ಲಿ ಈಡು ತುಂಬುವ ಇನ್ನೂ ಹಳೆಯ ಕ್ರಮ ಸಿಗುತ್ತದೆ. ಕೇಪಿನ ಕೋವಿಗೆ ತೋಟಾ ಬೇಡ. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜದಿಂದ (ಉದ್ದನೆಯ ಸಲಾಕೆ) ಗಟ್ಟಿಸಿ, ಚರೆಯೋ ಗುಂಡೋ ಹಾಕಿ, ಮತ್ತೆ ಕತ್ತ ತುರುಕಬೇಕು. ಕೇಪು ಇಡುವುದು ಕಟ್ಟಕಡೆಗೆ, ಈಡು ಹೊಡೆಯುವ ಮುನ್ನ. ಈ ಕ್ರಮ ತಪ್ಪಿದರೆ ಗಜ ಹಿಡಿದ ಕೈಗೇ ಅಪಾಯ. ಇಂಥ ಕೋವಿಗೆ ಹೊಗೆರಹಿತ ಮದ್ದು ತುಂಬುವುದಂತೂ ನಳಿಗೆಯನ್ನು ಸೀಳಲು ಹೊರಟಂತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಕಾಲವನ್ನು ಮುಗಿಸಿತು, ಮುಗಿಸಿದ್ದು ಒಳ್ಳೆಯದೇ ಆಯಿತು. ಮದ್ದುಗುಂಡು ತಯಾರಿಕೆಗೆ 1959ರ ಆಯುಧ ಕಾಯ್ದೆಯಡಿ ಪರವಾನಗಿ ಬೇಕು. ಉತ್ತರ ಕನ್ನಡದ ರೈತನ ಮನೆಯಲ್ಲಿ ಈಗ ಉಳಿದಿರುವುದು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ. ಚುನಾವಣೆ ಘೋಷಣೆಯಾದರೆ ಅದನ್ನೂ ಪೊಲೀಸ್ ಠಾಣೆಗೆ ಒಪ್ಪಿಸಬೇಕು ಎಂಬ ಆದೇಶ ಬರುತ್ತದೆ. ಕಾಡುಹಂದಿಗಳ ದಾಳಿ ಮಾತ್ರ ಚುನಾವಣೆ ಮುಗಿಯುವವರೆಗೆ ನಿಲ್ಲುವುದಿಲ್ಲ. ಈ ವಿಷಯದಲ್ಲಿ ರೈತರ ದೂರು ನ್ಯಾಯವಾದದ್ದು.