ಸಹಭಾಗಿತ್ವ ಮುರಿದಾಗ ಬಾಕಿ ಯಾರ ಲೆಕ್ಕಕ್ಕೆ?

ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರ ಫೆಬ್ರವರಿಯಲ್ಲಿ ನಿಂತವು. ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕ ವಿವಾದದ ತರುವಾಯ, 1991ರಲ್ಲಿ ನೌಕರರೇ ಕೂಡಿ ಕಟ್ಟಿದ ಸಂಸ್ಥೆಯದು. ಏಳಿಗೆಯ ದಿನಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳನ್ನು ಓಡಿಸಿತು. ಅದು ಮುಳುಗಿದಾಗ ಪೆಟ್ಟು ತಿಂದವರು ಸದಸ್ಯ ಕಾರ್ಮಿಕರು ಮತ್ತು ಬಸ್ಸನ್ನೇ ನಂಬಿದ್ದ ಮಲೆನಾಡಿನ ಪ್ರಯಾಣಿಕರು. ಆ ನಷ್ಟವನ್ನು ಖಜಾನೆ ಭರಿಸಬೇಕೆಂಬ ಕರಾರು ಎಲ್ಲಿಯೂ ಇರಲಿಲ್ಲ.

ದೊಡ್ಡ ಬಂಡವಾಳದ ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ರೀತಿಯೇ ಬೇರೆ. ದೆಹಲಿಯ ವಿಮಾನ ನಿಲ್ದಾಣ ಮೆಟ್ರೋ ಮಾರ್ಗವನ್ನು ನೋಡಿ. ಸೇತುವೆ, ಸುರಂಗಗಳನ್ನು ಸರ್ಕಾರಿ ಸಂಸ್ಥೆಯಾದ ಡಿ.ಎಂ.ಆರ್.ಸಿ. ಕಟ್ಟಿತು, ರೈಲು ಓಡಿಸುವ ಹೊಣೆ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಗುಂಪಿನ ಕಂಪನಿಯದಾಗಿತ್ತು. 2011ರಲ್ಲಿ ಸಂಚಾರ ಆರಂಭವಾಯಿತು. 2012ರಲ್ಲಿ ಸೇತುವೆಯ ದೋಷದ ಕಾರಣದಿಂದ ರೈಲುಗಳು ತಿಂಗಳುಗಟ್ಟಲೆ ನಿಂತವು, ಕಂಪನಿ ಒಪ್ಪಂದದಿಂದ ಹೊರಬಂದಿತು. 2017ರಲ್ಲಿ ಪಂಚಾಯ್ತಿದಾರರು ಕಂಪನಿಗೆ 2,782 ಕೋಟಿ ರೂಪಾಯಿ ಹಾಗೂ ಬಡ್ಡಿ ವಿಧಿಸಿದರು. ಬಡ್ಡಿ ಬೆಳೆದು ಮೊತ್ತ ಸುಮಾರು 8,000 ಕೋಟಿಗೆ ಏರಿತು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು, 2024ರ ಏಪ್ರಿಲ್‌ನಲ್ಲಿ ಕ್ಯುರೇಟಿವ್ ಅರ್ಜಿಯ ಮೇಲೆ ರದ್ದುಪಡಿಸಿತು. ತೆರಿಗೆದಾರನು ಪಾರಾದದ್ದು ಕಟ್ಟಕಡೆಯ ಮೆಟ್ಟಿಲಿನಲ್ಲಿ. ಅಷ್ಟು ದೂರ ನಡೆಯುವ ವ್ಯಾಜ್ಯಗಳು ಎಷ್ಟಿದ್ದಾವು!

ಲಂಡನ್ನಿನ ಸುರಂಗ ರೈಲಿನ ದುರಸ್ತಿಗೆ 2003ರಲ್ಲಿ ಗುತ್ತಿಗೆ ಪಡೆದ ಮೆಟ್ರೋನೆಟ್ 2007ರಲ್ಲಿ ಕುಸಿಯಿತು. ಅದರ ಸಾಲದ ಶೇ. 95ರಷ್ಟಕ್ಕೆ ಸರ್ಕಾರಿ ಸಂಸ್ಥೆಯ ಖಾತರಿಯಿತ್ತು. ಹೀಗಿರುವಾಗ ಸಾಲಕೊಟ್ಟ ಬ್ಯಾಂಕುಗಳಿಗೆ ಕೆಲಸದ ಮೇಲೆ ಕಣ್ಣಿಡುವ ಅಗತ್ಯವೇನಿತ್ತು? ತೆರಿಗೆದಾರರಿಗಾದ ನಷ್ಟ 17ರಿಂದ 41 ಕೋಟಿ ಪೌಂಡ್ ಎಂದು ಅಲ್ಲಿನ ಲೆಕ್ಕ ಪರಿಶೋಧನಾ ಕಚೇರಿ ಅಂದಾಜಿಸಿತು.

ಇದು ದೂರದ ಮಾತೆಂದು ನಮ್ಮ ವರ್ತಕರು ಕೈಬಿಡಬಾರದು. ಬೆಂಗಳೂರು-ಚಿಕ್ಕಮಗಳೂರು ದಾರಿಗೆ 2023ರಲ್ಲಿ ಬಂದ ಕೆ.ಎಸ್.ಆರ್.ಟಿ.ಸಿ. ವಿದ್ಯುತ್ ಬಸ್ಸುಗಳ ಒಡೆತನ ಖಾಸಗಿ ಕಂಪನಿಯದು. ನಿಗಮ ಅದಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತದೆ. ಈ ಕ್ರಮವನ್ನು ತಪ್ಪೆನ್ನಲಾಗದು, ಬಂಡವಾಳದ ಭಾರ ಕಂಪನಿಯದೇ. ಆದರೆ ಆಸನ ಖಾಲಿಯಿದ್ದರೆ ನಷ್ಟ ನಿಗಮದ್ದು. ಇದೇ ಕ್ರಮವನ್ನು ಕಳಸ, ಮೂಡಿಗೆರೆಯ ಹಳ್ಳಿದಾರಿಗಳಿಗೆ ತರುವುದಾದರೆ ಎಚ್ಚರ ಬೇಕು. ಕಾಫಿ ಕೊಯ್ಲಿನ ನವೆಂಬರ್‌ನಿಂದ ಫೆಬ್ರವರಿಯವರೆಗೆ ತುಂಬುವ ಬಸ್ಸು ಆಷಾಢದ ಮಳೆಯಲ್ಲಿ ತುಂಬುವುದಿಲ್ಲ. ಕೊಯ್ಲಿನ ತಿಂಗಳ ಎಣಿಕೆಯಿಂದ ವರ್ಷದ ಆದಾಯವನ್ನು ಅಂದಾಜಿಸಿದರೆ ವ್ಯತ್ಯಾಸವನ್ನು ತುಂಬಬೇಕಾದವರು ನಾವೇ.

ಆದುದರಿಂದ ಇಂತಹ ಪ್ರಸ್ತಾವ ಬಂದಾಗ ವಾಣಿಜ್ಯ ಸಂಸ್ಥೆಗಳು ಉದ್ಘಾಟನೆಯ ದಿನಾಂಕಕ್ಕಿಂತ ಮೊದಲು ಕೇಳಬೇಕಾದುದು ಒಪ್ಪಂದದ ಒಂದು ಷರತ್ತನ್ನು: ಅವಧಿಗೆ ಮುನ್ನ ಮುರಿದುಬಿದ್ದರೆ ಯಾರು ಯಾರಿಗೆ ಎಷ್ಟು ಕೊಡಬೇಕು? ಸಹಿ ಬೀಳುವ ಮುನ್ನವೇ ಅದು ಸಾರ್ವಜನಿಕರ ಕೈಗೆ ಸಿಗಬೇಕು.