ಮನೆಗೆಲಸಕ್ಕೆ ಟೇಬಲ್ ಗರಗಸ: ಕೊಳ್ಳುವ ಮುನ್ನ ನೋಡಬೇಕಾದ್ದು

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಕೈ ಸ್ವಲ್ಪ ಬಿಡುವಾದಾಗ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಲೆಕ್ಕ ಮುಗಿಸಿ ಎದ್ದು ಹೋಗುವಾಗ ಕೇಳುವ ಪ್ರಶ್ನೆ ಇತ್ತೀಚೆಗೆ ಒಂದಿದೆ. "ಸೆಕ್ರೆಟರಿಯವರೇ, ಮನೇಲೇ ಒಂದು ಟೇಬಲ್ ಗರಗಸ ಇಟ್ಕೊಳ್ಳೋಣ ಅಂತಿದ್ದೀವಿ. ಯಾವುದು ತಗೊಂಡ್ರೆ ಒಳ್ಳೇದು?"

ಪ್ರಶ್ನೆ ಸಹಜವೇ. ಆಚಾರಿಯ ಕೂಲಿ ಏರಿದೆ, ಕರೆದ ದಿನ ಅವರು ಸಿಗುವುದೂ ಇಲ್ಲ. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಇದೆ, ಗಾಳಿಗೆ ಬಿದ್ದ ಹಲಸು ಇದೆ, ಹಳೆಯ ಅಡಿಕೆ ಮರದ ದಬ್ಬೆ ಇದೆ. ಒಣಗಿಸುವ ತಟ್ಟೆ, ಜೇನುಪೆಟ್ಟಿಗೆ, ಕೊಟ್ಟಿಗೆಯ ಬಾಗಿಲು ಇವನ್ನೆಲ್ಲ ನಾವೇ ಮಾಡಿಕೊಂಡರೆ ನಾಲ್ಕು ಕಾಸು ಉಳಿದೀತು. ಈ ಯಂತ್ರವನ್ನು ನಾವು ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಮೊದಲ ಸಲ ತಪ್ಪು ಯಂತ್ರವನ್ನೇ ಕೊಂಡೆವು, ಪೆಟ್ಟನ್ನೂ ತಿಂದೆವು. ಆದ್ದರಿಂದ ಈ ನಾಲ್ಕು ಮಾತು.

ಮೊದಲು ದಿಮ್ಮಿಯ ವಿಷಯ. ಟೇಬಲ್ ಗರಗಸವೆಂದರೆ ಹಲಗೆಯನ್ನು ಅಳತೆಗೆ ಸೀಳುವ ಯಂತ್ರ, ದಿಮ್ಮಿ ಸೀಳುವ ಯಂತ್ರವಲ್ಲ. ದುಂಡು ಮರ ಮೇಜಿನ ಮೇಲೆ ಉರುಳುತ್ತದೆ, ಬ್ಲೇಡನ್ನು ಕಚ್ಚಿಕೊಳ್ಳುತ್ತದೆ. ಕಾನೂನಿನ ಮಾತೂ ಇದೆ. ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಮೊಕದ್ದಮೆಯ ಆಜ್ಞೆ ಕೊಟ್ಟಂದಿನಿಂದ ಸಾಮಿಲ್ಲುಗಳ ಮೇಲೆ ಬಿಗಿ ಕಣ್ಣಿದೆ. ಬಂಡೀಪುರದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2012ರಲ್ಲಿ ಘೋಷಣೆಯಾಗಿದ್ದು, ಅದರೊಳಗೆ ಹೊಸ ಸಾಮಿಲ್ಲಿಗೆ ಅವಕಾಶವಿಲ್ಲ. ಕೇಂದ್ರದ 2016ರ ಮಾರ್ಗಸೂಚಿಯಲ್ಲಿ, ಸೀಳಿದ ಮರವನ್ನಷ್ಟೇ ಬಳಸುವ ಘಟಕಕ್ಕೆ 30 ಸೆಂಟಿಮೀಟರಿಗಿಂತ ದೊಡ್ಡ ಚಕ್ರಗರಗಸವಾಗಲಿ ಬ್ಯಾಂಡ್ ಸಾ ಆಗಲಿ ಇಲ್ಲದಿದ್ದರೆ ಪರವಾನಗಿ ಬೇಡವೆಂದು ಹೇಳಿದೆ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಹತ್ತಿಂಚಿನ ಬ್ಲೇಡು ಸುಮಾರು 25 ಸೆಂಟಿಮೀಟರು. ಮನೆಯ ಯಂತ್ರ ಆ ಅಳತೆಯನ್ನು ಮೀರದಿರಲಿ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ವಿನಾಯಿತಿ ಪಟ್ಟಿಯಲ್ಲಿ ಸಿಲ್ವರ್ ಓಕ್, ಅಡಿಕೆ, ತೆಂಗು ಇವೆ. ಬೀಟೆ, ತೇಗ, ಶ್ರೀಗಂಧದ ಮಾತೇ ಬೇರೆ. ದಿಮ್ಮಿಯನ್ನು ಪರವಾನಗಿಯಿರುವ ಮಿಲ್ಲಿನಲ್ಲೇ ಸೀಳಿಸಿ, ರಸೀದಿಯನ್ನು ಜೋಪಾನವಾಗಿಡಿ. ಕಾಡಂಚಿನ ಊರಿನಲ್ಲಿ ಗರಗಸದ ಸದ್ದು ಕೇಳಿ ಗಾರ್ಡು ಬಂದರೆ ತೋರಿಸಲು ಒಂದು ಕಾಗದ ಬೇಕು.

ಈಗ ಯಂತ್ರಕ್ಕೆ ಬರೋಣ. ಎಲ್ಲಕ್ಕೂ ಅಗ್ಗವಾದದ್ದು ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಪಟ್ಟಿಯ ಮೇಜು ಮಾಡಿಸಿ, ಕೈಗರಗಸದ ಯಂತ್ರವನ್ನು ತಲೆಕೆಳಗಾಗಿ ಬಿಗಿದು ಕೊಡುವಂಥದ್ದು. ನಾವೂ ಮೊದಲು ಕೊಂಡದ್ದು ಅದನ್ನೇ. ಮೂರನೆಯ ವಾರ ಪೂರ್ತಿ ಒಣಗದ ಸಿಲ್ವರ್ ಓಕ್ ಹಲಗೆಯನ್ನು ರೀಪರಿಗೆಂದು ಉದ್ದಕ್ಕೆ ಸೀಳುತ್ತಿದ್ದೆವು. ಅರ್ಧ ದಾಟುವಷ್ಟರಲ್ಲಿ ಹಲಗೆ ಬಂದೂಕಿನಿಂದ ಹೊರಟಂತೆ ಹಿಂದಕ್ಕೆ ಎಗರಿ ಪಕ್ಕೆಗೆ ಬಡಿಯಿತು. ಹದಿನೈದು ದಿನ ಮಗ್ಗುಲು ಬದಲಿಸಲಾಗಲಿಲ್ಲ. ಬೆರಳಿಗೆ ಬರದಿದ್ದದ್ದು ಪುಣ್ಯ.

ಹೀಗೇಕಾಯಿತೆಂದು ತಿಳಿದದ್ದು ಆಮೇಲೆ. ಬ್ಲೇಡಿನ ಮುಂಭಾಗದ ಹಲ್ಲು ಮರವನ್ನು ಮೇಜಿಗೆ ಒತ್ತುತ್ತದೆ, ಹಿಂಭಾಗದ ಹಲ್ಲು ಮೇಲಕ್ಕೆ ಏಳುತ್ತಿರುತ್ತದೆ. ಹಸಿಮರ ಸೀಳುತ್ತಿದ್ದಂತೆ ಸೀಳು ಮತ್ತೆ ಮುಚ್ಚಿಕೊಂಡು ಆ ಹಿಂದಿನ ಹಲ್ಲನ್ನು ಅಮುಕುತ್ತದೆ. ಆಗ ಹಲ್ಲು ಹಲಗೆಯನ್ನು ಎತ್ತಿ ನಮ್ಮ ಕಡೆಗೇ ಒಗೆಯುತ್ತದೆ. ಹತ್ತಿಂಚಿನ ಬ್ಲೇಡು ನಿಮಿಷಕ್ಕೆ 4500 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 60 ಮೀಟರ್ ಓಡುತ್ತದೆ. ಆ ವೇಗದ ಎದುರು ಕೈ ಹಿಂದೆಗೆದುಕೊಳ್ಳಲು ಯಾರಿಗೂ ಸಮಯ ಸಿಗುವುದಿಲ್ಲ.

ಇದಕ್ಕೆ ಮದ್ದು ಬ್ಲೇಡಿನ ಬೆನ್ನಿಗೇ ನಿಲ್ಲುವ ತೆಳು ಉಕ್ಕಿನ ತಗಡು. ರೈವಿಂಗ್ ನೈಫ್ ಎಂದು ಕರೆಯುತ್ತಾರೆ. ಸೀಳು ಮುಚ್ಚದಂತೆ ತಡೆಯುವುದು ಅದರ ಕೆಲಸ. ಬ್ಲೇಡನ್ನು ಏರಿಸಿ ಇಳಿಸಿದಂತೆ ಅದೂ ಜೊತೆಗೇ ಏರಿ ಇಳಿಯಬೇಕು; ದಪ್ಪ ಬ್ಲೇಡಿನ ಮೈಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ನಮ್ಮ ವೆಲ್ಡಿಂಗ್ ಮೇಜಿಗೆ ಅದು ಇರಲೇ ಇಲ್ಲ. ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಕುದುರೆಬಲದ್ದಲ್ಲ, ಈ ತಗಡಿನದು. ಇಲ್ಲವೆಂದರೆ ಎಷ್ಟು ಅಗ್ಗವಾದರೂ ಬೇಡ. ಆಂಗಲ್ ಗ್ರೈಂಡರಿಗೆ ಮರದ ಬ್ಲೇಡು ಹಾಕಿ ಮೇಜಿಗೆ ಬಿಗಿಯುವುದಂತೂ ಖಂಡಿತ ಕೂಡದು.

ಎರಡನೆಯದು ಹಲಗೆಗೆ ಒರಗು ಕೊಡುವ ಗೈಡು, ಅಂದರೆ ಫೆನ್ಸು. ಜೇನುಪೆಟ್ಟಿಗೆಯಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ಏಳೆಂಟು ಮಿಲಿಮೀಟರು ಜಾಗ ಬಿಡಬೇಕು. ಹೆಚ್ಚಾದರೆ ಹುಳು ಅಲ್ಲೇ ಎರಿ ಕಟ್ಟುತ್ತದೆ, ಕಡಿಮೆಯಾದರೆ ಅಂಟಿನಿಂದ ಮುಚ್ಚುತ್ತದೆ. ಗೈಡು ಒಂದು ತುದಿಯಲ್ಲಿ ಎರಡು ಮಿಲಿಮೀಟರು ಸರಿದರೆ ಪೆಟ್ಟಿಗೆ ಕೆಟ್ಟಿತು, ಹಲಗೆ ಬ್ಲೇಡಿಗೆ ಅಮುಕಿಕೊಳ್ಳುವ ಭಯ ಬೇರೆ. ಅಂಗಡಿಯಲ್ಲೇ ಗೈಡನ್ನು ಬಿಗಿದು, ಬ್ಲೇಡಿನ ಮುಂದೆ ಒಮ್ಮೆ ಹಿಂದೆ ಒಮ್ಮೆ ಟೇಪು ಹಿಡಿಯಿರಿ. ಅಂಗಡಿಯವರು ಮುಖ ಸಿಂಡರಿಸಿಕೊಂಡರೂ ಚಿಂತೆಯಿಲ್ಲ.

ಮೋಟರು ಎರಡು ಬಗೆ. ಎತ್ತಿ ಒಯ್ಯಬಹುದಾದ ಯಂತ್ರಗಳಲ್ಲಿ ಕಾರ್ಬನ್ ಬ್ರಷ್ಷಿನ ಮೋಟರು. ಹಗುರ, ಅಗ್ಗ, ಆದರೆ ಕಿವಿ ಕಿತ್ತುಹೋಗುವ ಸದ್ದು. ಬೆಲ್ಟಿನ ಇಂಡಕ್ಷನ್ ಮೋಟರಿನದು ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಬೆಲೆಯೂ ತೂಕವೂ ಹೆಚ್ಚು. ತಿಂಗಳಿಗೆ ಎರಡು ದಿನ ಕೆಲಸವಿರುವ ನಮ್ಮಂಥವರಿಗೆ ಮೊದಲಿನದೇ ಸಾಕೆಂದು ನಮ್ಮ ಅಭಿಪ್ರಾಯ. ಸಿಂಗಲ್ ಫೇಸಿನಲ್ಲಿ ಒಂದೂವರೆಯಿಂದ ಎರಡು ಕಿಲೋವಾಟಿನ ಯಂತ್ರ ಏಳರಿಂದ ಒಂಬತ್ತು ಆಂಪಿಯರ್ ಎಳೆಯುತ್ತದೆ. ದೀಪದ ಪ್ಲಗ್ಗಿಗೆ ಹಾಕದೆ, ದೊಡ್ಡ ಪಿನ್ನಿನ ಪ್ರತ್ಯೇಕ ಲೈನು ಎಳೆಸಿ ಅರ್ಥಿಂಗ್ ಮಾಡಿಸಿ. ವೋಲ್ಟೇಜು ಬಿದ್ದ ಹೊತ್ತಿನಲ್ಲಿ ಕೊಯ್ಯಬೇಡಿ, ಮೋಟರು ಸುಡುತ್ತದೆ. ಪಂಪ್‌ಸೆಟ್ಟಿನ ತ್ರೀ ಫೇಸು ಇದೆಯಲ್ಲಾ ಎಂದು ಕೆಲವರು ಕೇಳಿದ್ದಾರೆ. ಆ ಕರೆಂಟು ನೀರಾವರಿಗೆ ಮಾತ್ರ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮಿನಂತೆ ದಂಡದ ಬಿಲ್ಲು ಬರುತ್ತದೆ.

ಹಣವಿದ್ದಷ್ಟನ್ನೂ ಯಂತ್ರಕ್ಕೇ ಸುರಿಯುವುದು ಸಾಮಾನ್ಯ ತಪ್ಪು. ನೂರು ರೂಪಾಯಿ ಇದ್ದರೆ ಎಪ್ಪತ್ತು ಯಂತ್ರಕ್ಕೆ, ಮೂವತ್ತು ಬ್ಲೇಡು, ವಯರಿಂಗು, ಕನ್ನಡಕ, ದೂಳಿನ ಮುಸುಕಿಗೆ. ಉದ್ದಕ್ಕೆ ಸೀಳಲು 24 ಹಲ್ಲಿನದು, ಅಡ್ಡ ಕೊಯ್ಯುವುದಕ್ಕೂ ಸೇರಿ 40 ಹಲ್ಲಿನದು, ಎರಡೇ ಸಾಕು. ಹಲ್ಲಿಗೆ ಕಾರ್ಬೈಡ್ ತುದಿ ಇರಲೇಬೇಕು. ಅಡಿಕೆ ದಬ್ಬೆ, ತೆಂಗಿನ ಹಲಗೆ ಬರಿಯ ಉಕ್ಕನ್ನು ಬೇಗ ಮೊಂಡು ಮಾಡುತ್ತವೆ. ಬ್ಲೇಡಿನ ನಡುವಿನ ತೂತು ಎಲ್ಲ ಯಂತ್ರಕ್ಕೂ ಒಂದೇ ಅಲ್ಲ, ಅಳತೆ ಬರೆದುಕೊಂಡು ಹೋಗಿ. ತಳ್ಳುಕೋಲನ್ನು ಮಾತ್ರ ದುಡ್ಡು ಕೊಟ್ಟು ತರಬೇಡಿ, ಸಿಲ್ವರ್ ಓಕ್ ಚೂರಿನಲ್ಲಿ ಮೂರು ನಾಲ್ಕು ಮಾಡಿಟ್ಟುಕೊಳ್ಳಿ.

ವರ್ಷಕ್ಕೆ ಹತ್ತು ಹಲಗೆಯಷ್ಟೇ ಕೊಯ್ಯುವವರಿಗೆ ಈ ಯಂತ್ರವೇ ಬೇಡ. ಕೈಯಲ್ಲಿ ಹಿಡಿಯುವ ಚಕ್ರಗರಗಸ, ನೇರವಾದ ಒಂದು ಪಟ್ಟಿ, ಎರಡು ಕ್ಲಾಂಪು ಇದ್ದರೆ ಕೆಲಸ ನಡೆಯುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ ಮೇಜು ಮಾಡುತ್ತಾರೆ. ಅದಕ್ಕೆ ಇದ್ಯಾವುದೂ ಬೇಕಾಗಿಲ್ಲ.

ಕೊಳ್ಳುವ ಯೋಚನೆಯಿರುವ ಸದಸ್ಯರು ಒಂದು ಭಾನುವಾರ ಬೆಳಿಗ್ಗೆ ನಮ್ಮ ಕೊಟ್ಟಿಗೆಗೆ ಬಂದು, ಒಣಗಿದ ಹಲಗೆಯೊಂದನ್ನು ತಾವೇ ಕೊಯ್ದು ನೋಡಬಹುದು. ಬರುವಾಗ ಪಂಚೆ, ಹೆಗಲ ಟವೆಲು, ಕೈಗವಸು ಬೇಡ.